ಮನೆ ಕಾಯುವವರನ್ನೂ ಕರೆದೊಯ್ಯೋಣ

ಕಾಫಿ ಮೂಟೆ ಸೇರಿ, ಮೆಣಸಿನ ಕೊಯ್ಲು ಮುಗಿದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಕಡೆಯ ಬೆಳೆಗಾರ ಬಾಂಧವರಿಗೆ ಪ್ರವಾಸದ ನೆನಪಾಗುವುದು ಸಹಜ. ಮಕ್ಕಳಿಗೂ ಆಗ ಶಾಲೆ ಇರುವುದಿಲ್ಲ. ಒಂದು ವ್ಯಾನು ಗೊತ್ತುಮಾಡಿಕೊಂಡು ಹಂಪಿ, ಬಾದಾಮಿ, ಮಂತ್ರಾಲಯ ಎಂದು ಹೊರಟುಬಿಡುತ್ತಾರೆ. ಆ ದಿನಗಳಲ್ಲಿ ಹೊಸಪೇಟೆಯ ಬಿಸಿಲು 40 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಹಂಪಿಯ ಬಂಡೆಗಳು ಕತ್ತಲಾದ ಮೇಲೂ ಕಾದ ಕಾವಲಿಯಂತಿರುತ್ತವೆ. "ಇಂಥ ಬಿಸಿಲಿಗೆ ವಯಸ್ಸಾದವರನ್ನು ಕರೆದೊಯ್ಯುವುದುಂಟೇ?" ಎಂದು ಕೇಳಿದರೆ ಯಾರೂ ಉಂಟು ಎನ್ನಲಾರರು. ಹೀಗಾಗಿ ಅಜ್ಜ ಅಜ್ಜಿ ಇಬ್ಬರೂ ಹಸು, ನಾಯಿ, ಬೀಗದ ಕೈ ಗೊಂಚಲುಗಳೊಡನೆ ಮನೆಯಲ್ಲೇ ಉಳಿಯುತ್ತಾರೆ. ಪ್ರವಾಸದಿಂದ ಬಂದವರು ಒಂದು ಪೊಟ್ಟಣ ಪ್ರಸಾದ ಕೊಟ್ಟು, ಫೋನಿನಲ್ಲಿ ಚಿತ್ರ ತೋರಿಸುತ್ತಾರೆ. ಅಲ್ಲಿಗೆ ಹಿರಿಯರ ಪ್ರವಾಸವೂ ಆದಂತೆ.

ಇದು ಬದಲಾಗಬೇಕು ಎಂಬುದು ನಮ್ಮ ಅಭಿಪ್ರಾಯ. ಹಿರಿಯರನ್ನು ಬಿಟ್ಟು ಹೋಗುವುದಕ್ಕೆ ಬಿಸಿಲು ಒಂದು ನೆಪ ಮಾತ್ರ, ನಿಜವಾದ ಕಾರಣ ಮನೆ ಕಾಯುವವರಿಲ್ಲ ಎಂಬುದು. ಈ ಎರಡಕ್ಕೂ ಪರಿಹಾರವಿದೆ. ಮೊದಲನೆಯದಕ್ಕೆ ಶರದೃತು, ಎರಡನೆಯದಕ್ಕೆ ಮುಯ್ಯಾಳು.

ಶರದೃತುವಿನ ಮಾತನ್ನು ಮೊದಲು ಹೇಳುತ್ತೇವೆ. ನಮ್ಮ ಕಸುಬಿನ ವರ್ಷದಲ್ಲಿ ನಿಜವಾದ ಬಿಡುವು ಎಂದರೆ ನವರಾತ್ರಿಗೂ ದೀಪಾವಳಿಗೂ ನಡುವಿನ ಎರಡು ಮೂರು ವಾರ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಅರೇಬಿಕಾ ಇನ್ನೂ ಹಸಿರಿನಿಂದ ಹಳದಿಗೆ ತಿರುಗುವ ಯೋಚನೆಯಲ್ಲಿರುತ್ತದೆ. ಅಡಿಕೆಯ ಮೊದಲ ಕೊಯ್ಲು ಬೇಗ ಬರುವ ತೋಟದವರಿಗೆ ಸ್ವಲ್ಪ ಕಷ್ಟವಾದೀತು, ಆದರೆ ಕೊನೆಗಾರರು ಹೇಳಿದ ದಿನ ಬಂದದ್ದನ್ನು ನಾವು ಕಂಡಿಲ್ಲವಾದ್ದರಿಂದ ಅವರಿಗೂ ಎರಡು ದಿನ ಸಿಕ್ಕೇ ಸಿಗುತ್ತದೆ. ತುಂಗಭದ್ರೆಯ ಬಯಲಿನಲ್ಲಿ ಆಗ ಮಳೆಯ ಹಸಿರು ಇನ್ನೂ ಮಾಸಿರುವುದಿಲ್ಲ, ಕಾಲುವೆಗಳಲ್ಲಿ ನೀರು ಹರಿಯುತ್ತಿರುತ್ತದೆ, ರಾತ್ರಿ ಒಂದು ಶಾಲು ಬೇಕೆನ್ನುವಷ್ಟು ತಂಪು. ಮಹಾತ್ಮಾ ಗಾಂಧಿಯವರು 1934ರಲ್ಲಿ ಸಂಡೂರಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂಬ ಮಾತನ್ನು ಅವರ ಹೆಸರಿನಲ್ಲಿ ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಅಕ್ಟೋಬರಿನಲ್ಲೂ ಆ ಮಾತು ಸುಳ್ಳಾಗುವುದಿಲ್ಲ. ಹಿಂಗಾರಿನ ಒಂದೆರಡು ಮಳೆ ಬಂದರೆ ಬರಲಿ, ಮಳೆಗೆ ಹೆದರುವ ಜನವೇ ನಾವು?

2025ರ ಆಶ್ವಯುಜದಲ್ಲಿ, ದೀಪಾವಳಿಗೆ ಒಂದು ವಾರ ಮೊದಲು ಶುಕ್ರವಾರ ಹೊರಟು ಭಾನುವಾರ ರಾತ್ರಿ ಮರಳುವಂತೆ ನಾವು ಮನೆಮಂದಿಯೆಲ್ಲ ಹೋಗಿ ಬಂದೆವು. ತಂದೆಯವರಿಗೆ 82 ವರ್ಷ, ತಾಯಿಯವರಿಗೆ 76. ಜೊತೆಗೆ ಮಗಳು, ಅಳಿಯ ಮತ್ತು ಎರಡು ಮೊಮ್ಮಕ್ಕಳು. ಮಗ ಮಾತ್ರ ಬರಲಿಲ್ಲ, ಅವನ ವಿಷಯ ಮುಂದೆ ಬರುತ್ತದೆ. ಲಾಡ್ಜಿನಲ್ಲಿ ಇಳಿಯದೆ ಡೇರೆ ಹಾಕಿಕೊಂಡು ಇರೋಣ ಎಂದವರು ಹುಡುಗರಲ್ಲ, ತಂದೆಯವರೇ. ಅವರ ಬಾಲ್ಯದಲ್ಲಿ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ, ತೋಪಿನಲ್ಲಿ ಬಿಡಾರ ಹೂಡಿ, ಮೂರು ಕಲ್ಲಿನ ಒಲೆಯಲ್ಲಿ ಅನ್ನ ಬೇಯಿಸಿಕೊಂಡು ಇರುತ್ತಿದ್ದರಂತೆ. ಕಾರ್ತಿಕದ ವನಭೋಜನವೂ ನಮ್ಮವರಿಗೆ ಗೊತ್ತಿರುವುದೇ. ಇವತ್ತಿನ ಹುಡುಗರು ಕ್ಯಾಂಪಿಂಗ್ ಎಂದು ಬೀಗುವುದು ಅಜ್ಜ ಅಜ್ಜಿಯರಿಗೆ ಹಳೆಯ ರೂಢಿ, ಆ ಮಾತು ಇರಲಿ.

ನಮ್ಮ ಕಡೆಯಿಂದ ಹೋಗುವವರು ಶಿವಮೊಗ್ಗದ ಆಚೆ ಕೂಡ್ಲಿಯಲ್ಲಿ ಒಂದು ಗಳಿಗೆ ನಿಲ್ಲಬೇಕು. ಗಂಗಾಮೂಲದಲ್ಲಿ ಒಂದೇ ಬೆಟ್ಟದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಬೇರೆ ಬೇರೆ ದಾರಿ ಹಿಡಿದು ಬಂದು ಅಲ್ಲಿ ಮತ್ತೆ ಸೇರುತ್ತವೆ. ಅಲ್ಲಿಂದ ಹೊನ್ನಾಳಿ, ಹರಿಹರ, ಹರಪನಹಳ್ಳಿಯ ಮೇಲೆ ಹೊಸಪೇಟೆ. ವಯಸ್ಸಾದವರಿದ್ದಾಗ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಕಾಲು ಬಿಡಿಸಲೇಬೇಕು. ಡ್ರೈವರಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಣೆಕಟ್ಟೆಯ ಹತ್ತಿರ ತಂದೆಯವರು ಬಹಳ ಹೊತ್ತು ನಿಂತರು. 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ಹರಿಸಿದ ಈ ಅಣೆಕಟ್ಟೆಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದದ್ದನ್ನು ಓದುಗರು ಮರೆತಿರಲಾರರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. 2025ರಲ್ಲಿ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಗಿತ್ತು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಹಿಡಿಯುವುದೇ 105ರ ಆಸುಪಾಸು. ಈ ಲೆಕ್ಕವನ್ನು ಅಳಿಯಂದಿರು ಓದಿ ಹೇಳಿದಾಗ ತಂದೆಯವರು, "ಹಾಗಾದ್ರೆ ನಮ್ಮ ಗುಡ್ಡದ ಮಣ್ಣೂ ಇದರ ಅಡಿಗೆ ಇದೆ ಅನ್ನಿ" ಎಂದರು. ಹೂಳೆಲ್ಲ ಮಲೆನಾಡಿನದಲ್ಲ, ವರದೆಯ ಕಡೆಯ ಬಯಲಿನ ಹೊಲಗಳದ್ದೂ ಇದೆ. ಆದರೆ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಅವರ ಕಾಲದಲ್ಲಿ ತೋಟದ ಇಳಿಜಾರಿಗೆ ಅಡ್ಡ ಅಗಳು ತೋಡಿ, ಕಪ್ಪಿನ ಬಾಯಿಗೆ ಸೊಪ್ಪು ಒಡ್ಡಿ ಮಣ್ಣು ಹಿಡಿಯುತ್ತಿದ್ದುದನ್ನು ಮೊಮ್ಮಗನಿಗೆ ಅಲ್ಲೇ ಕೈಸನ್ನೆ ಮಾಡಿ ತೋರಿಸಿದರು. ಮನೆಯಲ್ಲಿ ನೂರು ಸಲ ಹೇಳಿದ್ದರೂ ಆ ಹುಡುಗ ಕೇಳಿರಲಿಲ್ಲ. 33 ಗೇಟುಗಳ ಎದುರಿಗೆ ನಿಂತಾಗ ಕೇಳಿದ. ಬಂದು ಮಾರನೆಯ ವಾರವೇ ಎರಡು ಅಗಳು ಬಿಡಿಸಿದ್ದೇವೆ.

ಡೇರೆಯನ್ನು ಎಲ್ಲಿ ಹಾಕಬೇಕು ಎಂಬ ವಿಚಾರದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಹಂಪಿಯ ಸ್ಮಾರಕಗಳ ನಡುವೆ ಕೂಡದು. ಅದು ಸಂರಕ್ಷಿತ ಪ್ರದೇಶ, 1986ರಿಂದ ವಿಶ್ವ ಪರಂಪರೆಯ ತಾಣ. ಹೊಳೆಯ ದಂಡೆಯಲ್ಲೂ ಕೂಡದು. ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಮೋಡವಿಲ್ಲದೆಯೇ ಹೊಳೆ ಏರುತ್ತದೆ. ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯೇ ಮುಳುಗುತ್ತದೆಂದ ಮೇಲೆ ಡೇರೆಯ ಗತಿ ಏನು? ದರೋಜಿಯ ಸುತ್ತಿನ ಗುಡ್ಡಗಳಲ್ಲಂತೂ ಬೇಡವೇ ಬೇಡ. ಕರಡಿಗಳಿಗೆಂದು 1994ರಲ್ಲಿ ಧಾಮವಾದ ಜಾಗ ಅದು, ಚಿರತೆಯೂ ಇದೆ. ಕರಡಿಯನ್ನು ಸಂಜೆ ಅರಣ್ಯ ಇಲಾಖೆಯವರ ವೀಕ್ಷಣಾ ಗೋಪುರದಿಂದ ನೋಡಿ ಮರಳಿ ಬರಬೇಕು. ನಿರ್ಜನವಾದ ಕಾಲುವೆ ದಂಡೆಗಳೂ ರಾತ್ರಿ ತಂಗಲು ತಕ್ಕವಲ್ಲ. 2025ರ ಮಾರ್ಚಿನಲ್ಲಿ ಸಾಣಾಪುರದ ಬಳಿ ಪ್ರವಾಸಿಗಳ ಮೇಲೆ ನಡೆದ ಹೀನ ಕೃತ್ಯ ಎಲ್ಲರಿಗೂ ತಿಳಿದದ್ದೇ.

ಉಳಿದದ್ದು ರೈತರ ತೋಟ, ಅದೇ ಎಲ್ಲಕ್ಕಿಂತ ಉತ್ತಮ. ಸಹಕಾರಿ ತರಬೇತಿಯೊಂದರಲ್ಲಿ ಪರಿಚಯವಾಗಿದ್ದ ಕಂಪ್ಲಿ ಕಡೆಯ ಬಾಳೆ ಬೆಳೆಗಾರರೊಬ್ಬರಿಗೆ ನಾವು ಮೊದಲೇ ಫೋನು ಮಾಡಿದ್ದೆವು. ಪಂಪ್‌ಶೆಡ್ಡಿನ ಪಕ್ಕ, ಬೇವಿನ ಮರದ ಅಡಿಗೆ, ಮನೆಯ ದೀಪ ಕಾಣುವಷ್ಟು ದೂರದಲ್ಲಿ ಜಾಗ ಕೊಟ್ಟರು. "ಡೇರೆ ಯಾಕ್ರೀ, ಮನ್ಯಾಗ ಮಲಗ್ರಿ" ಎಂದು ಒಂದೇ ಒತ್ತಾಯ. ಕಂಪ್ಲಿಯಿಂದ ಹಂಪಿಗೂ ಹೊಸಪೇಟೆಗೂ ಸುಮಾರು 30 ಕಿಲೋಮೀಟರು, ಹೊಸಪೇಟೆಯಿಂದ ಸಂಡೂರಿಗೂ ಅಷ್ಟೇ. ಒಂದೇ ಕಡೆ ಬಿಡಾರ ಇಟ್ಟುಕೊಂಡು ದಿನಕ್ಕೊಂದು ದಿಕ್ಕಿಗೆ ಹೋಗಿಬರಬಹುದು. ಗಂಟುಮೂಟೆ ದಿನಾ ಕಟ್ಟಿ ಬಿಚ್ಚುವ ತಾಪತ್ರಯವಿಲ್ಲ. ವಯಸ್ಸಾದವರಿಗೆ ಪ್ರವಾಸದಲ್ಲಿ ಆಯಾಸವಾಗುವುದು ನೋಡುವುದರಿಂದಲ್ಲ, ಈ ಕಟ್ಟಿ ಬಿಚ್ಚುವುದರಿಂದ.

ಹಿರಿಯರನ್ನು ನೆಲದ ಮೇಲೆ ಮಲಗಿಸಬಾರದು. ಮಲಗಿದರೂ ಬೆಳಗ್ಗೆ ಏಳಲಾಗುವುದಿಲ್ಲ. ಎರಡು ಮಡಚುವ ಮಂಚ ಕೊಂಡೊಯ್ದಿದ್ದೆವು. ಮಂಡಿ ನೋವಿನವರಿಗೆ ಕಮೋಡ್ ಕುರ್ಚಿಯೂ ಅದಕ್ಕೊಂದು ಪುಟ್ಟ ಡೇರೆಯೂ ಅವಶ್ಯ, ಇದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ರಾತ್ರಿ ಎದ್ದು ಹೋಗುವ ದಾರಿಗೆ ಒಂದು ಬ್ಯಾಟರಿ ದೀಪ ಉರಿಯುತ್ತಿರಲಿ, ಡೇರೆಯ ಹಗ್ಗಗಳಿಗೆ ಬಿಳಿ ಬಟ್ಟೆ ಕಟ್ಟಿರಲಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಎರಡು ಕಡೆ ಇರಲಿ, ಒಂದು ಗಾಡಿಯಲ್ಲಿ, ಒಂದು ಸೊಂಟದ ಚೀಲದಲ್ಲಿ. ತಾಯಿಯವರು ಬೆಳಗ್ಗೆ ನಾಲ್ಕೂವರೆಗೆ ಎದ್ದು, ನಮ್ಮದೇ ಕಾಫಿಪುಡಿಯ ಡಿಕಾಕ್ಷನ್ ಇಳಿಸಿ, ತೋಟದ ಯಜಮಾನರ ಮನೆಗೂ ಒಂದು ಪಾತ್ರೆ ಕಳಿಸಿದ್ದರು. ಪ್ರತಿಯಾಗಿ ಆ ಮನೆಯಿಂದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ಇಬ್ಬರು ಹಿರಿಯ ಹೆಂಗಸರು ಬಾಳೆಯ ಬುಡದಲ್ಲಿ ಕುಳಿತು ಕಂದು ತೆಗೆಯುವ ಬಗ್ಗೆ ಒಂದು ಗಂಟೆ ಮಾತಾಡಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿದಿರಬಹುದು. ಸಂತೋಷಕ್ಕೇನೂ ಕೊರತೆಯಾಗಲಿಲ್ಲ. ಕಂಪ್ಲಿಯ ಕೋಟೆಯ ಕಡೆ ಹೋದಾಗ ತಂದೆಯವರು ಹುಡುಗರಿಗೆ ಕಂಪಿಲರಾಯನ ಕಥೆ, ಅವನ ಮಗ ಗಂಡುಗಲಿ ಕುಮಾರರಾಮನ ಕಥೆ ಹೇಳಿದರು. ದೆಹಲಿಯ ಸುಲ್ತಾನನ ಸೈನ್ಯಕ್ಕೆ ಇದಿರಾಗಿ ಕಂಪಿಲ ಮಡಿದದ್ದು 1327ರಲ್ಲಿ, ವಿಜಯನಗರ ಇನ್ನೂ ಹುಟ್ಟಿರಲಿಲ್ಲ.

ಹಂಪಿಯನ್ನು ಹಿರಿಯರೊಡನೆ ನೋಡುವ ಕ್ರಮವೇ ಬೇರೆ. ಮಾತಂಗ ಪರ್ವತವನ್ನೂ ಆನೆಗೊಂದಿಯ ಆಚೆಯ ಅಂಜನಾದ್ರಿಯ ಐದುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನೂ ಹುಡುಗರಿಗೆ ಬಿಡಬೇಕು. ಬೆಳಗ್ಗೆ ಬೇಗ ವಿರೂಪಾಕ್ಷನ ದರ್ಶನ. ಗರ್ಭಗುಡಿಯ ಹಿಂದಿನ ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನೋಡಿ ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ವಯಸ್ಸಿನವರಾದರು. ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇದೆ. ಹತ್ತು ಗಂಟೆಯ ಮೇಲೆ ನೆರಳಿಗೆ ಬಂದು, ಉಂಡು, ಮಲಗಿ, ನಾಲ್ಕರ ಮೇಲೆ ಮತ್ತೆ ಹೊರಡಬೇಕು. ದಿನಕ್ಕೆ ಎರಡು ಜಾಗ ಸಾಕು. ಒಂದೇ ದಿನದಲ್ಲಿ ಹಂಪಿ ಮುಗಿಸಿದೆವು ಎನ್ನುವವರ ಮಾತು ನಮಗೆ ಅರ್ಥವಾಗುವುದಿಲ್ಲ. ಮುಗಿಸಲು ಅದೇನು ಅಡಿಕೆ ಸುಲಿತವೇ?

ಅಡಿಕೆ ಎಂದಾಗ ನೆನಪಾಯಿತು. ಹಜಾರ ರಾಮನ ಗುಡಿಯ ಎದುರಿಗೆ ಒಂದು ಉದ್ದನೆಯ ಹಳೆಯ ಪೇಟೆ ಬೀದಿ ಇದೆ, ಅದರ ಹೆಸರು ಪಾನ್ ಸುಪಾರಿ ಬಜಾರ್. ನಮ್ಮ ಬೆಳೆಯ ಹೆಸರು ಹೊತ್ತ ಬೀದಿ ರಾಜಧಾನಿಯ ನಟ್ಟನಡುವೆ, ಅರಮನೆಯ ಮಗ್ಗುಲಲ್ಲೇ ಇತ್ತು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿಯವರು ವೀಳ್ಯ ಹಾಕುವ ಪರಿಯನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಆ ಬೀದಿ ಸಮತಟ್ಟಾಗಿದ್ದು ವಯಸ್ಸಾದವರಿಗೆ ನಡೆಯಲು ಹಿತವಾಗಿದೆ. ತಾಯಿಯವರು ಒಂದು ಕಲ್ಲಿನ ಮೇಲೆ ಕುಳಿತು ಚೀಲದಿಂದ ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ, ಮನೆಯ ಅಡಿಕೆಯ ಎರಡು ಹೋಳು ಇಟ್ಟು ಮಡಿಸಿದರು. "ಇಲ್ಲಿ ಹಾಕದೆ ಇನ್ನೆಲ್ಲಿ ಹಾಕೋದು?" ಎಂದರು. ಉಗುಳಲು ಮುಚ್ಚಳದ ಡಬ್ಬಿಯನ್ನೂ ತಂದಿದ್ದರೆಂಬುದನ್ನು ಇಲ್ಲಿ ಒತ್ತಿ ಹೇಳುತ್ತೇವೆ. ಅಡಿಕೆ ಬೆಳೆಗಾರರೇ ಸ್ಮಾರಕದ ಮೇಲೆ ಉಗುಳಿದರೆ ನಮ್ಮ ಬೆಳೆಯ ಪರವಾಗಿ ಯಾವ ಬಾಯಿಂದ ಮಾತಾಡುವುದು?

ಸಂಡೂರಿಗೆ ಭಾನುವಾರ ಬೆಳಗ್ಗೆ ಹೋಗಿ, ಮಧ್ಯಾಹ್ನ ಬಿಡಾರ ಕಿತ್ತೆವು. ಕಣಿವೆಯ ಎರಡೂ ಕಡೆ ಹಸಿರು ಗೋಡೆಯಂತೆ ಬೆಟ್ಟದ ಸಾಲು. ಪಾರ್ವತಿ, ಕುಮಾರಸ್ವಾಮಿ ದೇವಸ್ಥಾನಗಳ ಕಡೆಗೆ ವಾಹನದ ದಾರಿ ಇದೆ. ಲಂಬಾಣಿ ಹೆಂಗಸರ ಕಸೂತಿ ಕೆಲಸ ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು, ನೋಡಲೇಬೇಕು. ಹಾಗೆಯೇ ಕೆಂಪು ಧೂಳನ್ನೂ ನೋಡಬೇಕಾಗುತ್ತದೆ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಷರತ್ತುಗಳ ಮೇಲೆ ಒಂದಷ್ಟಕ್ಕೆ ಅವಕಾಶ ಕೊಟ್ಟಿತು. ನಮ್ಮ ಕುದುರೆಮುಖದ ಗಣಿ ಅದೇ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತದ್ದು ನೆನಪಿರಬಹುದು. ಆ ಕಂಪನಿಗೇ ಇಲ್ಲಿನ ದೇವದಾರಿ ಬೆಟ್ಟದಲ್ಲಿ ಗಣಿ ಕೊಡುವ ಪ್ರಸ್ತಾವ 2024ರಲ್ಲಿ ದೊಡ್ಡ ವಿವಾದವಾಯಿತು. ಭದ್ರೆಯ ನೀರು ಮಣ್ಣಿನ ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ಕಂಡಿದ್ದ ತಂದೆಯವರಿಗೆ ಆ ಬೆಟ್ಟ ತೋರಿಸಿದಾಗ ಅವರು ಏನೂ ಹೇಳಲಿಲ್ಲ. ಬಹಳ ಹೊತ್ತು ನೋಡಿದರು.

ಇನ್ನು ಮನೆ ಕಾಯುವ ವಿಚಾರ. ಇದೇ ಮುಖ್ಯ. ಅಡಿಕೆ, ಮೆಣಸು, ಪಂಪಿನ ತಂತಿ ಯಾವುದನ್ನೂ ನಂಬಿ ಬಿಟ್ಟು ಹೋಗುವ ಕಾಲವಲ್ಲ ಇದು. ಹಸುವಿಗೆ ಬೀಗ ಹಾಕಲಾಗುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿರುವ ಮನೆಗಳಲ್ಲಂತೂ ಹಿರಿಯರಿಬ್ಬರೇ ಕಾವಲು. ನಮ್ಮ ಷೇರುದಾರರಲ್ಲಿ ಹೋಂಸ್ಟೇ ನಡೆಸುವವರಿಗೆ ಇದರಲ್ಲಿನ ವಿಪರ್ಯಾಸ ಗೊತ್ತಿದೆ. ನಗರದವರು ಅದೇ ಅಕ್ಟೋಬರಿನಲ್ಲಿ ತಮ್ಮ ಅಜ್ಜ ಅಜ್ಜಿಯರನ್ನು ಕೈಹಿಡಿದು ಇಳಿಸಿಕೊಂಡು ನಮ್ಮ ತೋಟ ನೋಡಲು ಬರುತ್ತಾರೆ, ಅವರಿಗೆ ಬಿಸಿನೀರು ಕಾಯಿಸಿಕೊಡುವವರು ನಮ್ಮ ಅಜ್ಜ ಅಜ್ಜಿಯರು! ಕೇಳಿದರೆ, "ನಮಗ್ಯಾಕೆ, ನೀವು ಹೋಗಿ ಬನ್ನಿ" ಎನ್ನುತ್ತಾರೆ. ಆ ಮಾತನ್ನು ಮೊದಲ ಸಲಕ್ಕೇ ಒಪ್ಪಿಕೊಳ್ಳುವುದು ನಮಗೆ ಅನುಕೂಲವಾಗಿರುವುದರಿಂದ ಒಪ್ಪಿಕೊಳ್ಳುತ್ತೇವೆ. ಊಟಕ್ಕೆ ಕರೆದಾಗ ಬೇಡವೆಂದ ನೆಂಟರನ್ನು ಒಂದೇ ಮಾತಿಗೆ ಬಿಡುತ್ತೇವೆಯೇ?

ಮುಯ್ಯಾಳು ನಮ್ಮವರಿಗೆ ಹೊಸದಲ್ಲ. ನಾಟಿಗೆ, ಸುಲಿತಕ್ಕೆ, ಸೊಪ್ಪು ತರುವುದಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ, ದುಡ್ಡು ಎಣಿಸದೆ ದಿನ ಎಣಿಸಿ ತೀರಿಸುತ್ತಿದ್ದ ಪದ್ಧತಿ ಅದು. ಮನೆ ಕಾಯುವುದಕ್ಕೂ ಅದನ್ನೇ ಏಕೆ ಅನ್ವಯಿಸಬಾರದು? ನಾವು ಹಾಗೇ ಮಾಡಿದೆವು. ಕಂಪ್ಲಿಗೆ ಹೋದ ಎರಡು ರಾತ್ರಿ ನೆರೆಮನೆಯ ದಂಪತಿ ನಮ್ಮ ಜಗಲಿಯಲ್ಲಿ ಮಲಗಿದರು, ನಮ್ಮ ಮಗ ಎರಡೂ ಮನೆಯ ತೋಟ, ಪಂಪು ನೋಡಿಕೊಂಡ. ಮುಂದಿನ ವಾರ ಅವರು ತಮ್ಮ ಅತ್ತೆಯವರನ್ನು ಕರೆದುಕೊಂಡು ಮರವಂತೆಯ ಸಮುದ್ರ ನೋಡಲು ಹೋದಾಗ ನಾವು ಅವರ ಮನೆಯಲ್ಲಿ ಮಲಗಿದೆವು. ಹಸುವಿನ ವಿಷಯದಲ್ಲಿ ಒಂದು ಅನುಭವದ ಮಾತು. ಹಾಲು ಕರೆಯುವವರು ಎರಡು ದಿನ ಮೊದಲಿನಿಂದಲೇ ಬಂದು ಕೊಟ್ಟಿಗೆಯಲ್ಲಿ ನಿಂತು ಹಿಂಡಿ ಇಟ್ಟು ಪರಿಚಯ ಮಾಡಿಕೊಳ್ಳಬೇಕು. ಹೊಸ ಕೈಗೆ ಹಸು ಹಾಲು ಇಳಿಸುವುದಿಲ್ಲ. ಕೆಲವು ಮನುಷ್ಯರಂತೆ ಅದಕ್ಕೂ ಮುಖ ನೋಡುವ ಸ್ವಭಾವ.

ಖರ್ಚಿನ ಮಾತೆತ್ತುವವರಿಗೆ ಇಷ್ಟೇ ಹೇಳುತ್ತೇವೆ. ಗಾಡಿ ಬಾಡಿಗೆ, ಡೀಸೆಲ್ಲು ಬಿಟ್ಟರೆ ನಮಗೆ ತಗಲಿದ್ದು ದಿನಸಿ ಮತ್ತು ಟಿಕೇಟಿನ ಹಣ. ಡೇರೆಗಳನ್ನು ಬಾಡಿಗೆಗೆ ತಂದದ್ದು. ಎರಡು ಮಂಚ ಮಾತ್ರ ಕೊಂಡೆವು. ಅವು ಈಗ ಕಣದ ಕಾವಲಿಗೆ ಉಪಯೋಗವಾಗುತ್ತಿವೆ. ಆರೋಗ್ಯದ ಬಗ್ಗೆ ಮಾತ್ರ ಅವರವರ ವೈದ್ಯರನ್ನು ಕೇಳಿಯೇ ಹೊರಡಬೇಕು. ಹೃದಯದ ತೊಂದರೆ ಇರುವವರನ್ನು, ಈಚೆಗೆ ಆಸ್ಪತ್ರೆಯಿಂದ ಬಂದವರನ್ನು ಡೇರೆಯಲ್ಲಿ ಮಲಗಿಸುವ ಸಾಹಸ ಬೇಡ, ಹೊಸಪೇಟೆಯಲ್ಲಿ ನೆಲಮಹಡಿಯ ಕೋಣೆ ಹಿಡಿದರಾಯಿತು.

ಸಂಘದ ಕಛೇರಿಯಲ್ಲಿ, ಗೊಬ್ಬರದ ಬಿಲ್ಲು ಬರೆಯುವ ಮೇಜಿನ ಮೇಲೆ, ಒಂದು ಪುಸ್ತಕ ಇಟ್ಟಿದ್ದೇವೆ. ನವರಾತ್ರಿಯಿಂದ ದೀಪಾವಳಿಯವರೆಗಿನ ಯಾವ ಶನಿವಾರ, ಭಾನುವಾರ ತಾವು ಹೋಗಬಯಸುತ್ತೀರಿ, ಯಾವ ಶನಿವಾರ, ಭಾನುವಾರ ಇನ್ನೊಬ್ಬರ ಮನೆ ಕಾಯಬಲ್ಲಿರಿ ಎಂಬುದನ್ನು ಷೇರುದಾರರು ಅದರಲ್ಲಿ ಬರೆಯಬಹುದು. ಶುಲ್ಕವಿಲ್ಲ. ಯಾರ ಮನೆಗೆ ಯಾರು ಎಂಬುದನ್ನು ಅವರವರೇ ಮಾತಾಡಿಕೊಳ್ಳಬೇಕು. ಕಾರ್ಯದರ್ಶಿಯನ್ನು ಕಾವಲಿಗೆ ಕರೆಯಬಾರದಾಗಿ ವಿನಂತಿ. ಮನೆಯಿಂದ ಹೊರಡುವವರಲ್ಲಿ ಅರವತ್ತೈದು ದಾಟಿದವರು ಒಬ್ಬರಾದರೂ ಇರಬೇಕೆಂಬುದೊಂದೇ ನಿಯಮ. ಬರೆಸುವಾಗ ಕರೆಯುವ ಹಸು ಎಷ್ಟು, ನಾಯಿ ಕಟ್ಟಿದ್ದೋ ಬಿಟ್ಟದ್ದೋ, ಕಚ್ಚುತ್ತದೆಯೋ ಇಲ್ಲವೋ ಎಂಬುದನ್ನು ದಯವಿಟ್ಟು ಉಳಿದದ್ದನ್ನೆಲ್ಲ ಬರೆಯುವ ಮೊದಲೇ ಬರೆಯಿರಿ.